ಜೇನು ಸಂಶೋಧನೆಗೆ ಮೊದಲ ಅನುದಾನ: ಯುವ ವಿಜ್ಞಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷಿ ಕಾಲೇಜು, ತೋಟಗಾರಿಕೆ ಕಾಲೇಜು, ಅರಣ್ಯ ಕಾಲೇಜುಗಳಲ್ಲಿ ಕೀಟಶಾಸ್ತ್ರ ಓದಿ ಜೇನಿನ ಬೆನ್ನು ಹತ್ತಿದ ಹುಡುಗ ಹುಡುಗಿಯರು ಪ್ರತಿವರ್ಷ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಅರ್ಜಿಯ ಕೊನೆಯ ದಿನ, ವಯಸ್ಸಿನ ಮಿತಿ, ಅರ್ಹ ದೇಶಗಳ ಪಟ್ಟಿ ವರ್ಷವರ್ಷವೂ ಬದಲಾಗುತ್ತವೆ. ಅವನ್ನು ಆಯಾ ಸಂಸ್ಥೆ ಹೊರಡಿಸುವ ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ.

ಜೇನು ಸಾಕಣೆಯ ಮೇಲಿನ ಸಂಶೋಧನೆಗೇ ಹಣ ಕೊಡುವವರು ಇದ್ದಾರೆಯೇ?

ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಜೇನಿಗಾಗಿಯೇ ಮೀಸಲಾದ ಹೆಸರೆಂದರೆ ಬ್ರಿಟನ್ನಿನ ಇವಾ ಕ್ರೇನ್ ಟ್ರಸ್ಟ್. ಇವಾ ಕ್ರೇನ್ (1912–2007) ಓದಿದ್ದು ಅಣುಭೌತಶಾಸ್ತ್ರ. ಯುದ್ಧದ ದಿನಗಳಲ್ಲಿ, 1942ರಲ್ಲಿ, ಮದುವೆಯ ಉಡುಗೊರೆಯಾಗಿ ಒಂದು ಜೇನುಗೂಡು ಬಂತು. ಸಕ್ಕರೆಗೆ ತತ್ವಾರವಿದ್ದ ಕಾಲ ಅದು. ಅಲ್ಲಿಂದ ಅವರ ಬದುಕಿನ ದಾರಿಯೇ ಬದಲಾಯಿತು. 1949ರಲ್ಲಿ ಜೇನು ಸಂಶೋಧನಾ ಸಂಘವನ್ನು ಕಟ್ಟಿ, ಜಗತ್ತಿನ ಮೂಲೆಮೂಲೆಯ ಜೇನುಗಾರರನ್ನು ಹುಡುಕಿಕೊಂಡು ತಿರುಗಿದರು. ಅವರ ಹೆಸರಿನ ಟ್ರಸ್ಟ್ ಇಂದಿಗೂ ಜೇನಿನ ಅಧ್ಯಯನಗಳಿಗೆ ಹಣ ಕೊಡುತ್ತದೆ.

ಉಳಿದ ದಾರಿಗಳು ಜೇನಿಗೆ ಮಾತ್ರ ಸೀಮಿತವಲ್ಲ, ಆದರೆ ಜೇನಿಗೂ ತೆರೆದಿವೆ. ಸ್ಟಾಕ್‌ಹೋಮಿನ ಇಂಟರ್‌ನ್ಯಾಷನಲ್ ಫೌಂಡೇಶನ್ ಫಾರ್ ಸೈನ್ಸ್ (ಐಎಫ್‌ಎಸ್) 1972ರಲ್ಲಿ ಹುಟ್ಟಿದ್ದೇ ಅಭಿವೃದ್ಧಿಶೀಲ ದೇಶಗಳ ಯುವ ವಿಜ್ಞಾನಿಗಳಿಗೆ ಅವರವರ ನೆಲದಲ್ಲೇ ಕೆಲಸ ಮಾಡಲು ಚಿಕ್ಕ ಅನುದಾನ ಕೊಡುವುದಕ್ಕೆ. ವೈಯಕ್ತಿಕ ಅನುದಾನದ ಗರಿಷ್ಠ ಮೊತ್ತ 15,000 ಡಾಲರ್ ಇದ್ದದ್ದು. ಅಬ್ದುಸ್ ಸಲಾಂ 1983ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಕಟ್ಟಿದ ವಿಶ್ವ ವಿಜ್ಞಾನ ಅಕಾಡೆಮಿ, ಅಂದರೆ ಟ್ವಾಸ್, ಇನ್ನೊಂದು. ನಿಮ್ಮ ವಿಷಯ ಕಾಡುಜೇನಿನ ಸಂರಕ್ಷಣೆಗೆ ಹತ್ತಿರವಿದ್ದರೆ ರಫರ್ಡ್ ಫೌಂಡೇಶನ್ನಿನ ಸಣ್ಣ ಅನುದಾನ ನೋಡಿ. ಬರಿಯ ಜೇನಿನ ಇಳುವರಿಯ ಅಧ್ಯಯನ ಅಲ್ಲಿ ನಡೆಯುವುದಿಲ್ಲ.

ಭಾರತದವರು ಇವೆಲ್ಲಕ್ಕೂ ಅರ್ಜಿ ಹಾಕಬಹುದೇ?

ಇಲ್ಲ. ತುಂಬ ಜನ ಎಡವುವುದು ಇಲ್ಲೇ. ‘ಅಭಿವೃದ್ಧಿಶೀಲ ದೇಶ’ ಎಂಬ ಮಾತು ಓದಿದ ಕೂಡಲೇ ನಾವೂ ಸೇರಿದ್ದೇವೆ ಅಂದುಕೊಳ್ಳುತ್ತೇವೆ. ಟ್ವಾಸ್‌ನ ಸಂಶೋಧನಾ ಅನುದಾನ ಇರುವುದು ವಿಜ್ಞಾನ ತಂತ್ರಜ್ಞಾನದಲ್ಲಿ ಹಿಂದುಳಿದ ದೇಶಗಳೆಂದು ಅವರು ಗುರುತಿಸಿರುವ ಪಟ್ಟಿಗೆ. ಅದರಲ್ಲಿ ಇಥಿಯೋಪಿಯ, ಉಗಾಂಡ, ನೇಪಾಳ ಇವೆ, ಭಾರತವಿಲ್ಲ. ಬದಲಿಗೆ ಟ್ವಾಸ್ ಜೊತೆಗಿನ ಒಪ್ಪಂದದಡಿ ಆ ದೇಶಗಳ ಯುವಜನರು ಸಂಶೋಧನೆಗೆ ಭಾರತಕ್ಕೆ ಬರುತ್ತಾರೆ. ಐಎಫ್‌ಎಸ್ ಕೂಡ ಪ್ರತಿ ಅರ್ಜಿ ಆಹ್ವಾನದ ಜೊತೆ ಅರ್ಹ ದೇಶಗಳ ಪಟ್ಟಿ ಕೊಡುತ್ತದೆ. ಅದನ್ನು ಮೊದಲು ಓದಿ, ಆಮೇಲೆ ಪ್ರಸ್ತಾವನೆ ಬರೆಯಲು ಕೂರಿ. ಮೂರು ತಿಂಗಳು ಬರೆದು ಕೊನೆಯಲ್ಲಿ ಪಟ್ಟಿ ನೋಡಿದವರ ಮುಖ ನಾನು ನೋಡಿದ್ದೇನೆ.

ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಿರುವ ಕನ್ನಡಿಗರಿಗೆ ಒಂದು ಮಾತು: ಇಂಥ ಕಡೆ ಸಾಮಾನ್ಯವಾಗಿ ಅರ್ಹತೆ ನೋಡುವುದು ಪೌರತ್ವ ಮತ್ತು ಕೆಲಸದ ಜಾಗ ಎರಡನ್ನೂ. ನಿಮಗೆ ಸಿಗದಿದ್ದರೂ ನಿಮ್ಮ ಅಲ್ಲಿನ ವಿದ್ಯಾರ್ಥಿಗೆ ಸಿಗಬಹುದು. ಅವರಿಗೆ ಇದನ್ನು ತಿಳಿಸಿ.

ಹಾಗಾದರೆ ನಮ್ಮ ದೇಶದೊಳಗೆ ಏನಿದೆ?

ಎಸ್‌ಇಆರ್‌ಬಿ ಎಂದು ನಾವೆಲ್ಲ ಕರೆಯುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಈಗ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿಹೋಗಿದೆ. ಇದರ ಕಾಯ್ದೆ ಬಂದದ್ದು 2023ರಲ್ಲಿ. ಅದರಡಿ ಪ್ರಧಾನಮಂತ್ರಿ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್ ಇದೆ: ಮೂರು ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ. ಆದರೆ ಕಾಯಂ ಹುದ್ದೆಯಲ್ಲಿ ಇರಬೇಕು. ಹುದ್ದೆ ಇನ್ನೂ ಸಿಗದವರಿಗೆ ಎರಡು ವರ್ಷದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ. ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಐದು ವರ್ಷದ್ದು, ಪೈಪೋಟಿ ಬಹಳ.

ಜೇನಿಗೇ ನೇರವಾಗಿ ಬರುವ ಹಣ ರಾಷ್ಟ್ರೀಯ ಜೇನುಸಾಕಣೆ ಮತ್ತು ಜೇನು ಮಿಷನ್ನಿನದು. 2020–21ರಿಂದ ಮೂರು ವರ್ಷಕ್ಕೆಂದು 500 ಕೋಟಿ ರೂಪಾಯಿ ಇಟ್ಟು ಆರಂಭಿಸಿದ ಈ ಯೋಜನೆಯನ್ನು ನಂತರ 2025–26ರವರೆಗೆ ವಿಸ್ತರಿಸಲಾಯಿತು. ಅದರ ಮೂರನೇ ಕಿರು ಮಿಷನ್ ಸಂಶೋಧನೆ ಮತ್ತು ತಂತ್ರಜ್ಞಾನಕ್ಕೆ. ಆ ಹಣ ಸಂಸ್ಥೆಗಳ ಮೂಲಕ ಬರುವಂಥದ್ದು, ಒಬ್ಬ ವಿದ್ಯಾರ್ಥಿಯ ಕೈಗಲ್ಲ. ಆದ್ದರಿಂದ ಜೇನಿನ ಮೇಲೆ ಕೆಲಸ ಮಾಡುವ ಕೇಂದ್ರಗಳ ಪರಿಚಯ ಇಟ್ಟುಕೊಳ್ಳಿ: ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿರುವ ಅಖಿಲ ಭಾರತ ಸುಸಂಘಟಿತ ಜೇನು ಮತ್ತು ಪರಾಗಸ್ಪರ್ಶಿಗಳ ಯೋಜನೆಯ ಕೇಂದ್ರ, ಖಾದಿ ಆಯೋಗ 1962ರಲ್ಲಿ ಪುಣೆಯಲ್ಲಿ ತೆರೆದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಕರ್ನಾಟಕದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಯುವ ವಿಜ್ಞಾನಿಗಳಿಗೆ ಆರಂಭಿಕ ಧನ ಕೊಟ್ಟಿರುವುದುಂಟು. ನಮ್ಮ ಸಣ್ಣ ಊರುಗಳ ಕಾಲೇಜು ಅಧ್ಯಾಪಕರು ಇದನ್ನು ಗಮನಿಸುವುದು ಕಡಿಮೆ.

ಎಂಥ ಪ್ರಶ್ನೆಗೆ ಹಣ ಸಿಗುತ್ತದೆ?

ನನ್ನ ಕೈಗೆ ಬರುವ ಕರಡುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಶೀರ್ಷಿಕೆ ಒಂದೇ ಬಗೆಯದು: ಇಂಥ ತಾಲ್ಲೂಕಿನಲ್ಲಿ ಜೇನು ಸಾಕಣೆಯ ಸ್ಥಿತಿಗತಿ, ಸಮಸ್ಯೆಗಳು ಮತ್ತು ಸಾಧ್ಯತೆಗಳು. ಇದು ಸಂಶೋಧನೆಯ ಪ್ರಶ್ನೆಯಲ್ಲ, ವರದಿಯ ಹೆಸರು. ಪ್ರಶ್ನೆ ಎಂದರೆ ಉತ್ತರ ಹೀಗೂ ಬರಬಹುದು, ಹಾಗೂ ಬರಬಹುದು ಎಂಬಂತಿರಬೇಕು. ಹೀಗೆ ಬಂದರೆ ಜೇನುಗಾರ ನಾಳೆ ಬೆಳಿಗ್ಗೆ ಒಂದು ಕೆಲಸ ಬೇರೆ ರೀತಿ ಮಾಡುವಂತಿರಬೇಕು.

ಒಂದು ಉದಾಹರಣೆ ಕೊಡುತ್ತೇನೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ಕೇರಳ, ಕೊಡಗು, ಕರಾವಳಿ, ಮಲೆನಾಡಿನ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬಗಳ, ಅಂದರೆ ಒಂದೊಂದು ರಾಣಿಯ ಸುತ್ತ ಬದುಕುವ ಜೇನುಹುಳಗಳ ಗುಂಪುಗಳ, ಬಹುಪಾಲನ್ನು ಒರೆಸಿಹಾಕಿತು. ಮರಿಹುಳು ಚೀಲದಂತೆ ಉಬ್ಬಿ ಕೋಣೆಯಲ್ಲೇ ಸಾಯುತ್ತದೆ. ತಲೆಮಾರುಗಳಿಂದ ಪೆಟ್ಟಿಗೆ ಇಟ್ಟಿದ್ದ ಮನೆಗಳು ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದವು. ಆದರೂ ಎಲ್ಲ ಕುಟುಂಬಗಳೂ ಸಾಯಲಿಲ್ಲ. ಉಳಿದವುಗಳಿಂದಲೇ ಇಂದಿನ ತುಡುವೆ ಸಾಕಣೆ ಮತ್ತೆ ಎದ್ದದ್ದು. ಹಾಗಾದರೆ ಉಳಿದ ಕುಟುಂಬಗಳಲ್ಲಿ ಏನಿತ್ತು? ಸತ್ತ ಮರಿಯನ್ನು ಬೇಗ ಗುರುತಿಸಿ ಎಳೆದುಹಾಕುವ ಗುಣವೇ? ಎರಿಯ (ಜೇನು ಕಟ್ಟುವ ಮೇಣದ ಹಲ್ಲೆಯ) ಒಂದು ತುಂಡಿನಲ್ಲಿ ಒಂದಷ್ಟು ಮರಿಗಳನ್ನು ಸೂಜಿಯಿಂದ ಚುಚ್ಚಿ ಸಾಯಿಸಿ, ಕೆಲಸಗಾರ ಜೇನುಗಳು ಎಷ್ಟು ಗಂಟೆಯಲ್ಲಿ ಅವನ್ನು ತೆರವು ಮಾಡುತ್ತವೆ ಎಂದು ಎಣಿಸಿದರೆ ಇದನ್ನು ಅಳೆಯಬಹುದು. ಬೇಗ ತೆರವು ಮಾಡುವ ಕುಟುಂಬದ ರಾಣಿಯಿಂದ ಪಾಲು ಮಾಡಿದರೆ ಮುಂದಿನ ಪೀಳಿಗೆಯಲ್ಲಿ ರೋಗ ಕಡಿಮೆಯಾಗುತ್ತದೆಯೇ? ಇದು ಪ್ರಶ್ನೆ. ಸೂಜಿ, ಕ್ಯಾಮೆರಾ, ನೋಟ್‌ಬುಕ್ ಮತ್ತು ತಾಳ್ಮೆ ಇದರ ಮುಖ್ಯ ಸಲಕರಣೆ.

ಪೂರ್ವ ಆಫ್ರಿಕಾದಲ್ಲಿ ಇದಕ್ಕೊಂದು ಜೋಡಿ ಕಥೆಯಿದೆ. ಜೇನುಹುಳಕ್ಕೆ ಅಂಟಿಕೊಂಡು ಬದುಕುವ ವರೋವಾ ನುಸಿ ಕೀನ್ಯಾದಲ್ಲಿ ಕಂಡದ್ದು 2009ರಲ್ಲಿ. ಯುರೋಪ್, ಅಮೆರಿಕಗಳಲ್ಲಿ ಮದ್ದು ಹಾಕದಿದ್ದರೆ ಕುಟುಂಬಗಳು ಸಾಯುತ್ತವೆ. ಆಫ್ರಿಕಾದ ಜೇನುಗಳು ಬಹುಮಟ್ಟಿಗೆ ಮದ್ದಿಲ್ಲದೆ ಬದುಕಿವೆ. ನಮ್ಮ ತುಡುವೆಯೋ ಈ ನುಸಿಯ ಮೂಲ ಒಡನಾಡಿ: ನುಸಿ ಅದರಲ್ಲಿ ಹೆಚ್ಚಾಗಿ ಗಂಡುಮರಿಗಳ ಕೋಣೆಯಲ್ಲೇ ಸಂತಾನ ಬೆಳೆಸುತ್ತದೆ, ಕುಟುಂಬ ತಾಳಿಕೊಳ್ಳುತ್ತದೆ. ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಕೇಂದ್ರದಲ್ಲಿ ಜೇನಿನ ಆರೋಗ್ಯಕ್ಕೆಂದೇ ಪ್ರಯೋಗಾಲಯವಿದೆ. ಅಂಥ ಕಡೆ ನೇಪಾಳದ, ಉಗಾಂಡದ, ನಮ್ಮ ಹುಡುಗರು ಕೇಳಬೇಕಾದ ಪ್ರಶ್ನೆಗಳಿಗೆ ಶ್ರೀಮಂತ ದೇಶದ ಪ್ರಯೋಗಾಲಯ ಉತ್ತರ ಕೊಡಲಾರದು, ಏಕೆಂದರೆ ಆ ಜೇನು ಅಲ್ಲಿಲ್ಲ. ಇದನ್ನು ಪ್ರಸ್ತಾವನೆಯಲ್ಲಿ ಎದೆಯುಬ್ಬಿಸಿ ಬರೆಯಿರಿ. ನಮ್ಮವರು ಇದನ್ನೇ ಮರೆಮಾಚುತ್ತಾರೆ, ‘ಇಲ್ಲಿ ಸೌಲಭ್ಯ ಕಡಿಮೆ’ ಎಂದು ಕ್ಷಮೆ ಕೇಳುವ ದನಿಯಲ್ಲಿ ಶುರು ಮಾಡುತ್ತಾರೆ.

ಇನ್ನು ಮುಜಂಟಿ. ಚುಚ್ಚದ ಜೇನು, ಗೋಡೆಯ ಸಂದಿಯಲ್ಲಿ, ಮಡಕೆಯಲ್ಲಿ, ಬಿದಿರಿನ ಅಂಡೆಯಲ್ಲಿ ಸಾಕುತ್ತಾರೆ. ಅದರ ಜೇನಿಗೆ ಬೆಲೆ ಹೆಚ್ಚು, ನೀರಿನಂಶವೂ ಹೆಚ್ಚು. ಬೇಗ ಹುಳಿ ಬರುವ ಈ ಜೇನುತುಪ್ಪವನ್ನು ಕೆಡದಂತೆ, ಕಾಯಿಸಿ ಗುಣ ಕಳೆಯದಂತೆ ಇಡುವುದು ಹೇಗೆ? ಹೆಂಗಸರು ಮನೆಯಂಗಳದಲ್ಲೇ ಸಾಕಬಹುದಾದ ಜೇನಿದು. ಒಳ್ಳೆಯ ಅರ್ಜಿಗಳು ಇಲ್ಲಿಂದ ಇನ್ನೂ ಎಷ್ಟೋ ಹುಟ್ಟಬೇಕು.

ಸಣ್ಣ ಮೊತ್ತದಲ್ಲಿ ದೊಡ್ಡ ಕೆಲಸ ಆಗುತ್ತದೆಯೇ?

ಆಗುತ್ತದೆ. ಲೂಸಿ ಕಿಂಗ್ ವಿದ್ಯಾರ್ಥಿನಿಯಾಗಿದ್ದಾಗ ಕೀನ್ಯಾದಲ್ಲಿ ಮಾಡಿದ ಪ್ರಯೋಗ ನೋಡಿ. ಕೆರಳಿದ ಜೇನುಹುಳಗಳ ಸದ್ದನ್ನು ಧ್ವನಿಮುದ್ರಿಸಿ, ಮರದ ನೆರಳಲ್ಲಿ ನಿಂತ ಆನೆಗಳಿಗೆ ಸ್ಪೀಕರಿನಲ್ಲಿ ಕೇಳಿಸಿದರು. ಆನೆಗಳು ಜಾಗ ಬಿಟ್ಟು ಹೊರಟವು. 2007ರಲ್ಲಿ ಇದು ಪ್ರಕಟವಾಯಿತು. ಅಲ್ಲಿಂದ ಮುಂದೆ, ಹೊಲದ ಸುತ್ತ ತಂತಿಗೆ ಜೇನುಪೆಟ್ಟಿಗೆಗಳನ್ನು ತೂಗುಹಾಕುವ ಬೇಲಿ ಬಂತು. 2021ರ ಮಾರ್ಚಿನಲ್ಲಿ ಖಾದಿ ಆಯೋಗ ಇದೇ ಯೋಚನೆಯನ್ನು ಕೊಡಗಿನ ನಾಗರಹೊಳೆ ಅಂಚಿನ ಚೇಲೂರಿನಲ್ಲಿ ‘ರಿ-ಹ್ಯಾಬ್’ ಎಂಬ ಹೆಸರಿನಲ್ಲಿ ಪ್ರಯೋಗಕ್ಕಿಟ್ಟಿತು. ಆಫ್ರಿಕಾದ ಜೇನು ಬೇಗ ಕೆರಳುವಂಥದ್ದು, ನಮ್ಮ ತುಡುವೆ ಸಾಧು. ಮುಂಗಾರಿನಲ್ಲಿ ಕುಟುಂಬ ಸೊರಗಿದಾಗ ಬೇಲಿ ಕೆಲಸ ಮಾಡುತ್ತದೆಯೇ? ಕೊಡಗಿನ, ಆಲೂರು–ಸಕಲೇಶಪುರ ಕಡೆಯ ಯಾರಾದರೂ ಇದರ ಮೇಲೆ ಶಿಸ್ತಾಗಿ ಎರಡು ವರ್ಷ ಕೂತರೆ ರೈತರಿಗೂ ಆನೆಗೂ ಉಪಕಾರ.

ಎಷ್ಟು ಕುಟುಂಬಗಳ ಮೇಲೆ ಪ್ರಯೋಗ ಮಾಡಬೇಕು?

ವಿಮರ್ಶಕರು ಅರ್ಜಿಯನ್ನು ಬದಿಗಿಡುವ ಜಾಗ ಇದು. ಒಂದೇ ತೋಟದಲ್ಲಿ ಹತ್ತು ಪೆಟ್ಟಿಗೆ ಇಟ್ಟು, ಹತ್ತು ಬಿಡಿ ಮಾಹಿತಿ ಸಿಕ್ಕಿತು ಎನ್ನುವಂತಿಲ್ಲ. ಆ ಹತ್ತಕ್ಕೂ ಹೂವು ಒಂದೇ, ಮಳೆ ಒಂದೇ, ಪಕ್ಕದ ಗದ್ದೆಗೆ ಹೊಡೆದ ಔಷಧಿಯೂ ಒಂದೇ. ಕೀಟನಾಶಕದ ಪರಿಣಾಮ ನೋಡುವುದಾದರೆ ನಿಮ್ಮ ಲೆಕ್ಕದ ಘಟಕ ತೋಟ, ಪೆಟ್ಟಿಗೆಯಲ್ಲ. ಒಂದು ಜಾಗದಲ್ಲಿ ಇಪ್ಪತ್ತು ಪೆಟ್ಟಿಗೆಗಿಂತ ಎಂಟು ಜಾಗದಲ್ಲಿ ಮೂರುಮೂರು ಪೆಟ್ಟಿಗೆ ಎಷ್ಟೋ ಮೇಲು. ಆಗ ಓಡಾಟದ ಖರ್ಚು ಏರುತ್ತದೆ. ಅದನ್ನು ಬಜೆಟ್ಟಿನಲ್ಲಿ ಸಂಕೋಚವಿಲ್ಲದೆ ತೋರಿಸಿ.

ತುಡುವೆಯ ಇನ್ನೊಂದು ಸಂಗತಿ: ಅದು ಗೂಡು ಬಿಟ್ಟು ಹೋಗುತ್ತದೆ. ಹಸಿವಾದರೆ, ಇರುವೆ ಕಾಟವಾದರೆ, ನೀವು ದಿನಾ ಪೆಟ್ಟಿಗೆ ತೆರೆದು ಕಾಡಿದರೆ. ಮೂವತ್ತು ಕುಟುಂಬದಿಂದ ಶುರು ಮಾಡಿದವರು ವರ್ಷದ ಕೊನೆಯಲ್ಲಿ ಮೂವತ್ತನ್ನೇ ಎಣಿಸುತ್ತೇವೆ ಎಂದು ಬರೆದರೆ, ಇವರು ತುಡುವೆ ಸಾಕಿದವರಲ್ಲ ಎಂದು ಬಲ್ಲವರಿಗೆ ಗೊತ್ತಾಗುತ್ತದೆ.

ಬಜೆಟ್ಟಿನಲ್ಲಿ ಏನೇನು ಹಾಕಬಹುದು?

ಕುಟುಂಬ, ಪೆಟ್ಟಿಗೆ, ಸ್ಟ್ಯಾಂಡು, ಮುಖಪರದೆ, ಹೊಗೆತಿದಿ, ಮಳೆಗಾಲದ ಸಕ್ಕರೆ ಪಾಕ, ತೂಕದ ಯಂತ್ರ, ಜೇನಿನ ನೀರಿನಂಶ ನೋಡುವ ರಿಫ್ರಾಕ್ಟೋಮೀಟರ್, ಉಷ್ಣಾಂಶ ದಾಖಲಿಸುವ ಲಾಗರ್, ಪ್ರಯೋಗಾಲಯದ ರಾಸಾಯನಿಕ, ಓಡಾಟ, ಸ್ಥಳೀಯ ಸಹಾಯಕರ ಕೂಲಿ. ಐಎಫ್‌ಎಸ್‌ನಂಥ ಸಣ್ಣ ಅನುದಾನಗಳು ನಿಮ್ಮ ಸಂಬಳಕ್ಕಲ್ಲ. ಸಲಕರಣೆಗೆ, ಬಳಕೆಯ ಸಾಮಗ್ರಿಗೆ, ಕ್ಷೇತ್ರಕಾರ್ಯಕ್ಕೆ.

ಸಕ್ಕರೆಯನ್ನು ಮರೆಯಬೇಡಿ. ಜೇನುಗಾರರ ಪೆಟ್ಟಿಗೆಗಳನ್ನೇ ಬಳಸುವುದಾದರೆ ಅವರಿಗಾಗುವ ಇಳುವರಿ ನಷ್ಟಕ್ಕೂ ಒಂದು ಸಾಲು ಹಾಕಿ. ನೀವು ಮಾದರಿಗೆಂದು ಕತ್ತರಿಸಿದ ಎರಿ ಅವರ ವರ್ಷದ ದುಡಿಮೆ.

ಯೋಜನೆಯ ವೇಳಾಪಟ್ಟಿ ಹೇಗಿರಬೇಕು?

ಹೂವಿನ ಕ್ಯಾಲೆಂಡರಿನಂತೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಯೋಜನೆಗೆ ಮಂಜೂರಾತಿ ಪತ್ರ ಬಂದದ್ದು ಚಳಿಗಾಲದಲ್ಲಿ, ಹಣ ಖಾತೆಗೆ ಬಿದ್ದದ್ದು ಮೇ ಕೊನೆಯಲ್ಲಿ. ಅಷ್ಟರಲ್ಲಿ ಕಾಫಿ ಹೂವು ಮುಗಿದಿತ್ತು, ರಬ್ಬರಿನ ಚಿಗುರೂ ಬಲಿತಿತ್ತು. (ರಬ್ಬರಿನಲ್ಲಿ ಜೇನಿಗೆ ಸಿಗುವ ಮಕರಂದ ಹೂವಿನದಲ್ಲ, ಎಳೆಯ ಎಲೆತೊಟ್ಟಿನ ಗ್ರಂಥಿಯದು, ಎಲೆ ಉದುರಿ ಚಿಗುರೊಡೆದ ಕೆಲವೇ ವಾರ.) ಜೂನಿನಿಂದ ಮಳೆ. ಹೊಸ ಕುಟುಂಬಗಳನ್ನು ಸಕ್ಕರೆ ಪಾಕದಲ್ಲಿ ಉಳಿಸಿಕೊಳ್ಳುವುದರಲ್ಲೇ ಆರು ತಿಂಗಳು ಹೋಯಿತು. ಎರಡು ವರ್ಷದ ಯೋಜನೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಸುಗ್ಗಿ.

ಈಗ ಯಾರೇ ಕೇಳಿದರೂ ಹೇಳುವುದು: ಹಣ ಆರು ತಿಂಗಳು ತಡವಾದರೂ ಎರಡು ಸುಗ್ಗಿ ಸಿಗುವಂತೆ ಅವಧಿ ಕೇಳಿ. ಮಳೆಗಾಲಕ್ಕೆ ಪ್ರಯೋಗಾಲಯದ ಕೆಲಸ, ಜೇನುಗಾರರ ಸಂದರ್ಶನ ಇಟ್ಟುಕೊಳ್ಳಿ. ಸರ್ಕಾರಿ ಹಣವಾದರೆ ಮಾರ್ಚ್ 31ರ ಬಳಕೆ ಪ್ರಮಾಣಪತ್ರ (ಖರ್ಚಾದ ಹಣದ ಲೆಕ್ಕ) ನಿಮ್ಮ ಸುಗ್ಗಿಯ ನಟ್ಟನಡುವೆ ಬರುತ್ತದೆ. ರಸೀತಿಗಳನ್ನು ಫೆಬ್ರುವರಿಯಲ್ಲೇ ಜೋಡಿಸಿಡಿ.

ವಿದೇಶಿ ಹಣ ನೇರವಾಗಿ ನನ್ನ ಖಾತೆಗೆ ಬರಬಹುದೇ?

ಸಂಸ್ಥೆಯ ಮೂಲಕ ತರಿಸಿಕೊಳ್ಳುವುದೇ ಕ್ಷೇಮ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರುವ ಸಂಸ್ಥೆ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಅರ್ಜಿಗೆ ಮುಂಚೆ ನಿಮ್ಮ ಲೆಕ್ಕಪತ್ರ ವಿಭಾಗದವರ ಹತ್ತಿರ ಕೂತು ಮಾತಾಡಿ.

ಯಾವ ಅನುಮತಿಗಳು ಬೇಕು?

ಮನೆಯ ಹಿತ್ತಲಿನ ಪೆಟ್ಟಿಗೆಗೆ ಮಾಲೀಕರ ಒಪ್ಪಿಗೆ ಸಾಕು. ಅಭಯಾರಣ್ಯದೊಳಗಿನ ಹೆಜ್ಜೇನಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಜೇನುಹುಳದ ಮಾದರಿಯನ್ನು ವಿದೇಶದ ಪ್ರಯೋಗಾಲಯಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಓದಿ. ‘ಒಂದು ಟ್ಯೂಬ್ ತಾನೇ’ ಎಂದು ಲಗೇಜಿನಲ್ಲಿ ಹಾಕಿಕೊಂಡು ಹೋಗಬೇಡಿ.

ಸೋಲಿಗರು, ಜೇನುಕುರುಬರ ಜೊತೆ ಕೆಲಸ ಮಾಡುವವರಿಗೆ ಇನ್ನೂ ಒಂದು ಹೊಣೆಯಿದೆ. ಯಾವ ಮರಕ್ಕೆ ಹೆಜ್ಜೇನು ಮರಳಿ ಬರುತ್ತದೆ, ಎರಿಯ ಯಾವ ಭಾಗ ಕೊಯ್ದರೆ ಮರಿ ಉಳಿಯುತ್ತದೆ ಎನ್ನುವುದು ಅವರ ಅರಿವು. ಮರಗಳ ಜಿಪಿಎಸ್ ಗುರುತನ್ನು ಪ್ರಬಂಧದಲ್ಲಿ ಅಚ್ಚು ಹಾಕಿದರೆ ನಾಳೆ ಹೊರಗಿನವರು ಅಲ್ಲಿಗೆ ಏಣಿ ತರುತ್ತಾರೆ. ಕೇಳದೆ ಬರೆಯಬೇಡಿ, ಬರೆದದ್ದರಲ್ಲಿ ಅವರ ಹೆಸರನ್ನು ಅವರ ಒಪ್ಪಿಗೆಯಿದ್ದರೆ ಸೇರಿಸಿ.

ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆ ಹಂಚುವ ಯೋಜನೆಗೆ ಸಂಶೋಧನಾ ಅನುದಾನ ಸಿಗುತ್ತದೆಯೇ?

ಹಂಚುವುದು ಸಂಶೋಧನೆಯಲ್ಲ. ತುಡುವೆ ಸಮೃದ್ಧವಾಗಿರುವ ಮಲೆನಾಡಿಗೆ ಇಳುವರಿಯ ಆಸೆಯಿಂದ ಯುರೋಪಿನ ಜೇನನ್ನು ತುಂಬಿಸುವುದನ್ನು ನಾನು ಒಪ್ಪುವುದಿಲ್ಲ. ರೋಗ ಹಂಚಿಕೆಯಾಗುತ್ತದೆ, ಮೇವಿಗೆ ಪೈಪೋಟಿ ಬೀಳುತ್ತದೆ. ಬಯಲುಸೀಮೆಯ ಸೂರ್ಯಕಾಂತಿಯ ಲೆಕ್ಕ ಬೇರೆ. ಕೀನ್ಯಾದ ಟಾಪ್‌ಬಾರ್ ಪೆಟ್ಟಿಗೆ (ಮೇಲಿನ ಅಡ್ಡಪಟ್ಟಿಗಳಿಗೆ ಜೇನು ಎರಿ ಕಟ್ಟುವಂಥದ್ದು) ನೆನಪಿಸಿಕೊಳ್ಳಿ: 1970ರ ದಶಕದ ಆರಂಭದಲ್ಲಿ ಕೆನಡಾದ ನೆರವಿನಿಂದ ಬೆಳೆದ ಆ ಕೆಲಸ ಅಲ್ಲಿನ ಜೇನನ್ನು ಬದಲಿಸಲಿಲ್ಲ, ಅಲ್ಲಿನ ಜೇನಿಗೆ, ಅಲ್ಲಿನ ಬಡಗಿಗೆ ಹೊಂದುವ ಪೆಟ್ಟಿಗೆ ಮಾಡಿತು. ನಮ್ಮಲ್ಲೂ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ನೂರು ವರ್ಷದ ಹಿಂದೆ ತುಡುವೆಯ ಅಳತೆಗೆ ಚಿಕ್ಕ ಪೆಟ್ಟಿಗೆ ಮಾಡಿದ್ದರಿಂದಲೇ ದಕ್ಷಿಣದಲ್ಲಿ ಸಾಕಣೆ ಹಬ್ಬಿತು.

ಮಹಿಳೆಯರಿಗೆ ಪ್ರತ್ಯೇಕ ಅವಕಾಶ ಇದೆಯೇ?

ಟ್ರಿಯೆಸ್ಟೆಯಲ್ಲೇ ಇರುವ ಅಭಿವೃದ್ಧಿಶೀಲ ಜಗತ್ತಿನ ವಿಜ್ಞಾನಿ ಮಹಿಳೆಯರ ಸಂಘಟನೆ ಆರಂಭಿಕ ಹಂತದವರಿಗೆ 50,000 ಡಾಲರ್‌ವರೆಗಿನ ಫೆಲೋಶಿಪ್ ಕೊಟ್ಟಿದೆ, ಅದೂ ಹಿಂದುಳಿದ ದೇಶಗಳ ಪಟ್ಟಿಗೆ. ಭಾರತದಲ್ಲಿ ಹಲವು ಯೋಜನೆಗಳಲ್ಲಿ ವಯಸ್ಸಿನ ಸಡಿಲಿಕೆ ಇದೆ. ಹೆರಿಗೆ, ಮಗುವಿನ ಆರೈಕೆಗೆ ಬಿಟ್ಟ ವರ್ಷಗಳನ್ನು ಬಯೋಡೇಟಾದಲ್ಲಿ ಮುಚ್ಚಿಡಬೇಡಿ, ನೇರವಾಗಿ ಬರೆಯಿರಿ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ತೊಂದರೆಯೇ?

ಕನ್ನಡದಲ್ಲಿ ಮೊದಲು ಬರೆಯಿರಿ. ಜೇನುಗಾರರೊಬ್ಬರಿಗೆ ಓದಿ ಹೇಳಿ. ಅವರು ‘ಇದು ಗೊತ್ತಾದರೆ ಒಳ್ಳೆಯದಿತ್ತು’ ಅಂದರೆ ಪ್ರಶ್ನೆ ಸರಿಯಿದೆ. ಅವರು ಸುಮ್ಮನೆ ತಲೆಯಾಡಿಸಿದರೆ ಇನ್ನೊಮ್ಮೆ ಯೋಚಿಸಿ. ಇಂಗ್ಲಿಷಿಗೆ ತಂದದ್ದನ್ನು ತಿದ್ದಲು ಯಾರಾದರೂ ಸಿಗುತ್ತಾರೆ, ಪ್ರಶ್ನೆಯನ್ನು ತಿದ್ದಿಕೊಡುವವರು ಸಿಗುವುದಿಲ್ಲ.

ತಿರಸ್ಕಾರವಾದರೆ?

ವಿಮರ್ಶಕರ ಟಿಪ್ಪಣಿ ಕೇಳಿ ಪಡೆಯಿರಿ, ಒಂದು ವಾರ ಮುಟ್ಟಬೇಡಿ, ಆಮೇಲೆ ಓದಿ. ನನ್ನ ಎರಡನೇ ಅರ್ಜಿಗೆ ‘ವಿಧಾನ ಅಸ್ಪಷ್ಟ’ ಎಂಬ ಎರಡೇ ಪದ ಬಂದಿದ್ದವು. ಸಿಟ್ಟು ಬಂತು. ತಿಂಗಳ ನಂತರ ನಾನೇ ಓದಿದಾಗ, ಮಾದರಿ ಎಲ್ಲಿಂದ, ಯಾವ ಹೊತ್ತಿನಲ್ಲಿ, ಎಷ್ಟು ದಿನಕ್ಕೊಮ್ಮೆ ಎನ್ನುವುದು ಅದರಲ್ಲಿ ನಿಜವಾಗಿಯೂ ಇರಲಿಲ್ಲ.

ಯೋಜನೆ ಮುಗಿದ ಮೇಲೆ ಕುಟುಂಬಗಳು ಯಾರಿಗೆ ಸೇರುತ್ತವೆ?

ಅರ್ಜಿಯಲ್ಲೇ ಬರೆದಿಡಿ. ಅನೇಕ ಸಂಸ್ಥೆಗಳಲ್ಲಿ ಪೆಟ್ಟಿಗೆ ಆಸ್ತಿ ಪುಸ್ತಕಕ್ಕೆ ಸೇರುತ್ತದೆ, ನೋಡಿಕೊಳ್ಳುವವರಿಲ್ಲದೆ ಒಂದೇ ಮಳೆಗಾಲದಲ್ಲಿ ಮೇಣದ ಹುಳು ತಿಂದು ಖಾಲಿಯಾಗುತ್ತದೆ. ‘ಯೋಜನೆಯ ಕೊನೆಯಲ್ಲಿ ಕುಟುಂಬಗಳನ್ನು ಭಾಗವಹಿಸಿದ ಜೇನುಗಾರರಿಗೆ ಹಸ್ತಾಂತರಿಸಲಾಗುವುದು’ ಎಂಬ ಒಂದು ವಾಕ್ಯ ಮಂಜೂರಾತಿಯಲ್ಲಿ ಇದ್ದರೆ ಲೆಕ್ಕಪತ್ರದವರೂ ತಡೆಯುವುದಿಲ್ಲ. ಹಸ್ತಾಂತರವನ್ನು ಮಳೆಗೆ ಮುಂಚೆ ಮಾಡಿ, ಜೊತೆಗೆ ಆ ವರ್ಷದ ಸಕ್ಕರೆಯನ್ನೂ ಕೊಡಿ.